ಹಾಳೆ ತಿರುವದ ಅಕ್ಕೋರು

ಇಪ್ಪತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳಿಗೆ, ಜೂನ್‌ನಿಂದ ಒಂದನೇ ತರಗತಿ ಇಂಗ್ಲಿಷ್ ಮಾಧ್ಯಮ, ನೀವೇ ಕಲಿಸಬೇಕು ಎಂದರೆ ಹೇಗಾಗಬೇಡ? ಇಂಗ್ಲಿಷಿನಲ್ಲಿ ಸಹಿ ಮಾಡುತ್ತಿದ್ದೆ, ಅದೇ ನನ್ನ ದೊಡ್ಡ ಪಾಂಡಿತ್ಯ.

ನಮ್ಮ ಶಾಲೆ ಹುನಗುಂದದ ಹತ್ತಿರದ ಹಳ್ಳಿಯದು. ದಿನಾ ಮುಂಜಾನೆ ಕಾನ್ವೆಂಟಿನ ಹಳದಿ ವ್ಯಾನು ನಮ್ಮ ಗೇಟಿನ ಮುಂದೆಯೇ ಹಾರ್ನ್ ಹೊಡೆದು ಊರಿನ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು.

"ನಮಗೂ ಇಂಗ್ಲಿಷ್ ಬರ್ತೈತಿ ಅಂತ ತೋರಿಸಬೇಕ್ರಿ ಅಕ್ಕೋರ. ಇಲ್ಲಂದ್ರ ಒಂದನೇತ್ತಕ್ಕ ಒಂದು ಹುಡುಗನೂ ಬರೂದಿಲ್ಲ. ಹಿಂಗ ಆದ್ರ ಸಾಲಿ ಬಾಗಲಾನ ಹಾಕ್ತಾರ" ಎಂದರು ಹೆಡ್‌ಮಾಸ್ತರು.

ಬಾಗಲಕೋಟೆಯಲ್ಲಿ ಮೂರು ದಿನ ತರಬೇತಿ ಆಯಿತು. ಕಲಿಸಲು ಬಂದಿದ್ದ ಹಿರಿಯರೊಬ್ಬರು ಒಂದು ರಟ್ಟಿನ ಡಬ್ಬಿ ಕೊಟ್ಟರು. ಒಳಗೆ ನಲವತ್ತು ಸಣ್ಣ ಇಂಗ್ಲಿಷ್ ಕಥೆ ಪುಸ್ತಕ, ಎಲ್ಲ ಚಿತ್ರದವು.

"ಎಲ್ಲಾ ಓದ್ರಿ. ತಿಳೀಲಿಲ್ಲಂದ್ರ ಬಿಟ್ಟು ಮುಂದ ಹೋಗ್ರಿ. ಡಿಕ್ಷನರಿ ಮುಟ್ಟಬ್ಯಾಡ್ರಿ, ಬಾಯಿಪಾಠ ಅಂತೂ ಮಾಡಲೇಬ್ಯಾಡ್ರಿ. ಓದ್ತಾ ಓದ್ತಾ ಭಾಷಾ ತಾನ ಬರ್ತೈತಿ."

ತಾನೇ ಬರಲು ಅದೇನು ನೆಗಡಿಯೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ನಾನು ಸಣ್ಣವಳಿದ್ದಾಗ ಮಠದಲ್ಲಿ ನೂರಾ ಎಂಟು ವಚನ ತಡೆಯದೆ ಹೇಳಿ, ಸ್ವಾಮಿಗಳ ಕೈಯಿಂದ ಶಾಲು ಹೊದಿಸಿಕೊಂಡವಳು. ನಮ್ಮ ಮನೆಯಲ್ಲಿ ಬಾಯಿಗೆ ಬಂದದ್ದೇ ವಿದ್ಯೆ. ಓದಿ ಬಿಟ್ಟುಬಿಡುವುದು ಎಂದರೆ ಉಂಡು ಉಗುಳಿದಂತೆ.

ಆದರೂ ಇಳಕಲ್ಲಿನ ಮನೆಗೆ ಬಂದು ಎರಡು ಮೂರು ಪುಸ್ತಕ ತೆರೆದೆ. ಸಾಲಿಗೆ ಮೂರು ಪದ ತಿಳಿಯದವು. ಐದು ವರ್ಷದ ಕೂಸುಗಳ ಪುಸ್ತಕ ನನಗೆ ತಿಳಿಯುತ್ತಿಲ್ಲವಲ್ಲ ಎಂದು ಅಳು ಬಂತು. ಕಡೆಗೆ ಅವುಗಳಲ್ಲಿ ಎಲ್ಲಕ್ಕಿಂತ ತೆಳ್ಳಗಿನದೊಂದನ್ನು ಇಟ್ಟುಕೊಂಡೆ, ದಾರಿ ತಪ್ಪಿದ ಬೆಕ್ಕಿನ ಕಥೆ. ಉಳಿದವು ಕಪಾಟಿನ ಮೇಲೆ ಹೋದವು. ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ, ರೊಟ್ಟಿ ಬಡಿಯುವಾಗ, ಅದೊಂದನ್ನೇ ಹೇಳಿಕೊಂಡೆ.

"ಯಾವ ದೇವರ ಮಂತ್ರನವಾ ಇದು?" ಎಂದು ಅತ್ತೆ ನಕ್ಕರು. ನಗು ಬರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೇ ಕೊನೆಗೆ ಹೆಡ್‌ಮಾಸ್ತರು ತಾಯಂದಿರನ್ನು ಮಕ್ಕಳ ಸಮೇತ ಕರೆಸಿದರು. ಏಳು ಜನ ಬಂದರು. ಮುಂದೆ ಕುಳಿತಾಕೆ ನೇಕಾರಳು, ಮಗ್ಗ ಬಿಟ್ಟು ಬಂದಿದ್ದಳು. "ನೋಡಿ ಹೇಳ್ತೇನ್ರಿ, ವ್ಯಾನಿಗೆ ಹಾಕೂದೋ ಇಲ್ಲೇ ಹಾಕೂದೋ" ಎಂದು ಮೊದಲೇ ಹೇಳಿದ್ದಳು. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಳು.

ಚಿತ್ರ ಕಾಣಲೆಂದು ಪುಸ್ತಕವನ್ನು ಅವರ ಕಡೆ ತೆರೆದು ಹಿಡಿದು ಶುರು ಮಾಡಿದೆ. ಎಲ್ಲಿಯೂ ತಡವರಿಸಲಿಲ್ಲ. ತಾಯಂದಿರು ಕಣ್ಣರಳಿಸಿದರು. ಹೆಡ್‌ಮಾಸ್ತರ ಮುಖ ನೋಡಬೇಕಿತ್ತು! ಬೆಕ್ಕು ಮನೆ ಸೇರಿತು, ಹಾಲು ಕುಡಿಯಿತು, ಮಲಗಿತು. ಮುಗಿಸಿ ಉಸಿರು ಬಿಟ್ಟೆ.

ನೇಕಾರಳ ತೊಡೆಯ ಮೇಲಿನ ಹುಡುಗಿ ಪುಸ್ತಕವನ್ನೇ ನೋಡುತ್ತಿದ್ದಳು.

"ಅಕ್ಕೋರ, ಬೆಕ್ಕು ಇನ್ನಾ ಹೊರಗ ಐತ್ರಿ. ನೀವು ಹಾಳಿ ತಿರುವೇ ಇಲ್ಲ."

ಬಗ್ಗಿ ನೋಡಿದೆ. ಮೊದಲನೆಯ ಹಾಳೆಯೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳ ತಾಯಿ ಎದ್ದು ಬಂದು, ನಾನು ಮನೆಯಿಂದ ತಂದು ಮೇಜಿನ ಮೇಲೆ ತೋರಿಕೆಗೆ ಇಟ್ಟಿದ್ದ ಡಬ್ಬಿಯಿಂದ ಬೇರೆ ಪುಸ್ತಕ ತೆಗೆದು ಕೊಟ್ಟಳು. "ಇದನ್ನೊಂದೀಟು ಓದ್ರಿ."

ಎರಡನೇ ಪದಕ್ಕೇ ನಿಂತೆ. ಬಿಟ್ಟು ಮುಂದೆ ಹೋಗಿರಿ ಎಂದಿದ್ದರಲ್ಲ ಆ ಹಿರಿಯರು, ಅದೂ ನೆನಪಾಗಲಿಲ್ಲ.

"ಇರ್ಲಿ ಬಿಡ್ರಿ ಅಕ್ಕೋರ" ಎಂದಳು ಆಕೆ, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶಾಲೆ ಶುರುವಾದ ದಿನ ಆ ಹುಡುಗಿ ಹೊಸ ಬೂಟು ಹಾಕಿಕೊಂಡು ವ್ಯಾನು ಹತ್ತಿದಳು. ಕಿಟಕಿಯಿಂದ ನನಗೆ ಕೈ ಬೀಸಿದಳು. ನಾನೂ ಬೀಸಿದೆ.

ಅಂದೇ ಸಂಜೆ, ಮತ್ತೆ ಕಪಾಟಿನ ಮೇಲೆ ಸೇರಿದ್ದ ಡಬ್ಬಿ ಇಳಿಸಿದೆ. ತಿಳಿಯದ ಪದ ಬಂದರೆ ಬಿಟ್ಟು ಮುಂದೆ ಹೋದೆ. ಈಗ ಮೂವತ್ತೊಂದನೆಯ ಪುಸ್ತಕದಲ್ಲಿದ್ದೇನೆ. ಹಿರಿಯರು ಹೇಳಿದ್ದು ಖರೆ, ಭಾಷೆ ತಾನಾಗಿಯೇ ಬರುತ್ತಿದೆ. ಒಂದನೇ ತರಗತಿಗೆ ಈ ವರ್ಷ ಯಾರೂ ಬಂದಿಲ್ಲ.