ಅಪ್ಪ ಸಡಿಲಿಸಿದ ನಟ್ಟು

ಬೆಳಿಗ್ಗೆ ಎದ್ದು ಹೊರಗೆ ಬಂದರೆ, ಅಪ್ಪ ನನ್ನ ಲಾರಿಯ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು ಸ್ಪ್ಯಾನರಿನಿಂದ ಒಂದೊಂದೇ ನಟ್ಟು ಸಡಿಲಿಸುತ್ತಿದ್ದ.

ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ, ನಾಲ್ಕೂ ಚಕ್ರ ಎಳೆಯುವ ಮಿಲಿಟರಿ ಲಾರಿ ಅದು. ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ನಡುಕ ತಡೆಯಲು ಎಣ್ಣೆ ತುಂಬಿದ ಕೊಳವೆ ಹಾಕಲೋ ಸ್ಪ್ರಿಂಗ್ ಹಾಕಲೋ ಎಂದು ಲಾರಿ ರಿಪೇರಿ ಮಾಡುವ ಶಿರಾದ ಮೇಸ್ತ್ರಿ ಸಾಬರು ಕೇಳಿದಾಗ, ಏನೂ ತೋಚದೆ ಸ್ಪ್ರಿಂಗ್ ಎಂದಿದ್ದೆ. ಅವರು ಚಕ್ರ ಬಿಚ್ಚಿ ಅದನ್ನು ಕೂರಿಸಿ, ಮತ್ತೆ ನಟ್ಟು ಬಿಗಿದರು. ನಮ್ಮೂರು ಬಡವನಹಳ್ಳಿಗೆ ಬರುವ ತನಕ ಲಾರಿ ಅಲುಗಲಿಲ್ಲ. ಮರುದಿನ ಮತ್ತೆ ಅದೇ ನಡುಕ. ಯಾಕೆಂದು ತಿಳಿಯದೆ ತಲೆ ಕೆಟ್ಟುಹೋಗಿತ್ತು.

“ಏನಪ್ಪಾ ಇದು?” ಎಂದೆ.

“ಬಿಗಿ ಇದ್ರೆ ಅಚ್ಚು ಉರ್ದೋಯ್ತದೆ ಕಣ್ಲಾ. ಎತ್ತಿನ ಗಾಡಿ ಹೊಡ್ದೇ ಮುದುಕ ಆದೋನು ನಾನು. ಚಕ್ರ ವಸಿ ಸಡ್ಲ ಇರ್ಬೇಕು. ಲಾರಿ ಬಂದಾಗ್ನಿಂದ ದಿನಾ ಮಾಡ್ತಾವ್ನಿ.”

ಅವತ್ತು ಊರು ದಾಟಿದ ಮೇಲೆ ನಟ್ಟುಗಳನ್ನೆಲ್ಲ ಬಿಗಿದೆ; ನಡುಕ ನಿಂತುಹೋಯಿತು. ಈಗಲೂ ಅಪ್ಪ ಸಡಿಲಿಸುತ್ತಾನೆ; ಊರಾಚೆಯ ಹುಣಸೆಮರದಡಿ ನಿಲ್ಲಿಸಿ ನಾನು ಬಿಗಿಯುತ್ತೇನೆ. ಲಾರಿ ನೆಟ್ಟಗೆ ಓಡುತ್ತಿದೆ. ಸಾಬರು ಸ್ಪ್ರಿಂಗಿನ ಮಹಿಮೆ ಎನ್ನುತ್ತಾರೆ, ಅಪ್ಪ ತನ್ನ ಕೈಗುಣ ಎನ್ನುತ್ತಾನೆ. ಆ ಸ್ಪ್ರಿಂಗ್ ಬೇಕಿತ್ತೋ ಇಲ್ಲವೋ ನನಗಂತೂ ಇವತ್ತಿಗೂ ಗೊತ್ತಿಲ್ಲ. ಬಿಚ್ಚಿ ನೋಡುವ ಧೈರ್ಯವೂ ಇಲ್ಲ.