ಸೀಟಿ ಸಿಗದ ಮನೆ

ಊರಿನ ಮನೆಮನೆಗೂ ಸೀಟಿ ಹಂಚಿದವರು ಕಮ್ಮಾರನ ಮನೆಯೊಂದನ್ನೇ ಬಿಟ್ಟರು. ಆ ಉರಿ ಅವನಿಗೆ ಇಂದಿಗೂ ಆರಿಲ್ಲ. ಪಂಪು, ಸೈಕಲ್ಲು, ಕುರಿ ಎಂದು ಕಳ್ಳತನ ಮಿತಿಮೀರಿದಾಗ ಊರವರೇ ಸೇರಿ ಕಾವಲು ಕಟ್ಟಿದ್ದರು: ಒಬ್ಬರು ಊದಿದರೆ ಎಲ್ಲರೂ ಊದಬೇಕು, ಊದುತ್ತಲೇ ಓಡಿ ಬರಬೇಕು. ಹಂಚಿದವಳು ಎದುರು ಮನೆಯ ದರ್ಜಿ ಅಕ್ಕ. ಕೀಲಿ ಕಳೆದವರ ಬೀಗ ಒಡೆದುಕೊಡುತ್ತಿದ್ದವನು ಕಮ್ಮಾರನೇ. "ಬೀಗ ಒಡೆಯೋ ಕೈಗೆ ಸೀಟಿ ಬೇರೆ ಕೇಡು!" ಎಂದು ಯಾರೋ ನಕ್ಕಾಗ ಅವಳು ಅವನ ಬಾಗಿಲು ದಾಟಿ ಮುಂದಿನ ಮನೆಗೆ ನಡೆದಳು.

ದಿನವೂ ಅವಳದು ಒಂದೇ ರಾಗ: "ನಿನ್ನ ಬಡಿತಕ್ಕೆ ನನ್ನ ಹೊಲಿಗೆಯೆಲ್ಲ ಸೊಟ್ಟ ಹೋಗ್ತದೆ ಕಣೋ!"

ಒಂದು ಮಧ್ಯಾಹ್ನ, ಜನವೆಲ್ಲ ಹೊಲದಲ್ಲಿದ್ದಾಗ, ಬೈಕಿನಲ್ಲಿ ಬಂದ ಇಬ್ಬರು ಕಮ್ಮಾರನ ಅಂಗಡಿಯಲ್ಲಿ ಗೋಣಿಚೀಲ ಇಳಿಸಿದರು. ಒಳಗೆ ಹಾಲಿನ ಡೇರಿಯ ಕಬ್ಬಿಣದ ಪೆಟ್ಟಿಗೆ. ಅದರ ಬೆಸುಗೆ ಅವನದೇ ಕೈಯದು.

"ಬೀಗ ತೆಗಿ," ಎಂದ ಒಬ್ಬ. ಇನ್ನೊಬ್ಬನ ಚಾಕು ಪಕ್ಕೆಗೆ ಒತ್ತಿತು. "ಉಸಿರೆತ್ತಿದ್ಯೋ, ಕರುಳು ಕೈಗೆ ಬರ್ತದೆ."

ಉಳಿ ಇಟ್ಟು ಒಂದೇಟು ಹಾಕಿದ. ಬೀಗ ನಗ್ಗಿತು, ಬಿಡಲಿಲ್ಲ. ತೆಗೆದರೆ ಊರಿಗೆ ಕಳ್ಳ, ತೆಗೆಯದಿದ್ದರೆ ಹೆಣ. ಎತ್ತಿದ ಸುತ್ತಿಗೆ ಮತ್ತೆ ಇಳಿಯಲಿಲ್ಲ. ಧೈರ್ಯದಿಂದಲ್ಲ, ತೋಳಲ್ಲಿ ಜೀವವೇ ಇರಲಿಲ್ಲ. ಬೆವರು ಕಣ್ಣಿಗಿಳಿಯಿತು. ಚಾಕುವಿನ ಮೊನೆ ಅಂಗಿ ದಾಟಿ ಚರ್ಮ ಮುಟ್ಟಿತು.

ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು.

ಬೆಳಗಿನಿಂದ ಬೈಗಿನವರೆಗೆ ಬಿಡದ ಬಡಿತ ಹೀಗೆ ನಡುವೆ ಸತ್ತದ್ದೇಕೆಂದು ಅಕ್ಕ ಇಣುಕಿದಳು. ಗುರುತಿಲ್ಲದ ಬೈಕು ಕಂಡಿತು. ಅವಳ ಸೀಟಿ ಕೂಗಿತು. ಪಕ್ಕದ ಮನೆಯ ಮುದುಕಿ ಊದಿದಳು, ಆಮೇಲೆ ಹೊಲಗಳೇ ಕೂಗಿದವು. ಕಳ್ಳರು ಪೆಟ್ಟಿಗೆ ಬಿಟ್ಟು ಬೈಕು ಹತ್ತಿ ಓಡಿದರು. ಸೇತುವೆಯ ಬಳಿ ಎತ್ತಿನ ಗಾಡಿ ಅಡ್ಡ ನಿಲ್ಲಿಸಿ ಜನ ಹಿಡಿದರು.

ಅಂಗಡಿಗೆ ನುಗ್ಗಿದವರ ಕಣ್ಣು ಮಾತ್ರ ಕಮ್ಮಾರನ ಉಳಿಯ ಮೇಲೆ, ನಗ್ಗಿದ ಬೀಗದ ಮೇಲೆ.

"ಇದರಲ್ಲಿ ನಿಂಗೆಷ್ಟು ಪಾಲೋ?" ಎಂದ ಡೇರಿಯವನು, ಕಾಲರ್ ಹಿಡಿದು.

ಕಮ್ಮಾರ ಪಕ್ಕೆ ಒತ್ತಿ ಹಿಡಿದುಕೊಂಡ.

"ಕೈ ತೆಗಿಯೋ!" ಅಕ್ಕ ನಡುವೆ ಬಂದಳು. "ಇವನು ಬಡಿಯೋದು ನಿಲ್ಲಿಸಿದ್ದಕ್ಕೇ ನಾನು ಊದಿದ್ದು. ಅಂಗಿ ಎತ್ತಿ ನೋಡು, ರಕ್ತ ಬರ್ತಿದೆ."

ಡೇರಿಯವನ ಕೈ ಸಡಿಲವಾಯಿತು. ಆಗ ಬಂತು ಕಮ್ಮಾರನಿಗೆ ಬಾಯಿ. "ಇಷ್ಟು ಹೊತ್ತು ಏನು ಮಾಡ್ತಿದ್ದೆ, ನಿದ್ದೆನಾ?" ಎಂದು ಅವಳ ಮೇಲೇ ಹಾರಿದ.

ಮರುದಿನ ಅವನ ಬಾಗಿಲ ಚಿಲಕಕ್ಕೆ ಹೊಲಿಗೆ ದಾರಕ್ಕೆ ಕಟ್ಟಿದ ಹೊಸ ಸೀಟಿಯೊಂದು ನೇತಾಡುತ್ತಿತ್ತು. ಅವಳಿಗೆ ಹೇಳಬೇಕಾದ ಒಂದು ಒಳ್ಳೆಯ ಮಾತು ಅಂದಿನಿಂದ ಅವನ ಗಂಟಲಲ್ಲೇ ಇದೆ. ಎದುರು ಮನೆಯ ಯಂತ್ರ ನಿಂತು ವರ್ಷ ಎರಡಾಯಿತು, ಅಕ್ಕ ಈಗಿಲ್ಲ.