ಕ್ಯಾಮೆರಾ ನಿಂತರೆ ನೀರು

ಹದಿನಾರು ವರ್ಷ ಮದುವೆಗಳ ವಿಡಿಯೊ ತೆಗೆದು, ಮುಖ ಗಂಟಿಕ್ಕಿಕೊಂಡ ಬೀಗರನ್ನೂ ನಗಿಸಿ ನಿಲ್ಲಿಸಿದವಳು ಕ್ಯಾಮೆರಾ ಅಕ್ಕ. ನಲವತ್ತು ದಾಟಿದ ಮೇಲೆ, ಒಮ್ಮೆಯಾದರೂ ನಿಜವನ್ನು ತೆಗೆಯಬೇಕು ಅನ್ನಿಸಿತು. ದೂರವೇನೂ ಹೋಗಲಿಲ್ಲ, ಹಿಂದಿನ ಬೀದಿಗೆ ಹೋದಳು. ಅಲ್ಲಿ ಅರವತ್ತು ಮನೆಗೆ ಒಂದೇ ನಲ್ಲಿ. ಅದೂ ವಾರಕ್ಕೊಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಸಾಕ್ಷ್ಯಚಿತ್ರ ಮಾಡಿ ನೀರಿನ ಕಚೇರಿಗೆ ತೋರಿಸಿದರೆ ಇನ್ನೊಂದು ಪೈಪು ಬಂದೀತು ಎಂಬ ಆಸೆ ಅವಳದು.

ಮೊದಲ ದಿನ ಬೆಳಿಗ್ಗೆ ಸ್ಟ್ಯಾಂಡ್ ನಿಲ್ಲಿಸಿದ್ದೇ ತಡ, ನೀರು ಬಿಡುವವನು ಓಣಿಯ ತುದಿಯಿಂದ ಇಣುಕಿ, ಎದ್ದೆನೋ ಬಿದ್ದೆನೋ ಎಂದು ಓಡಿದ. ಐದೇ ನಿಮಿಷಕ್ಕೆ ನಲ್ಲಿ ಧೋ ಎಂದು ಸುರಿಯಿತು. ಮಾರನೆಯ ದಿನವೂ ಅದೇ ಕಥೆ. ಹೆಂಗಸರು ಬಿಟ್ಟಾರೆಯೇ?

"ಅಕ್ಕಾ, ನಾಳೆನೂ ಬಾ. ಏನೂ ತೆಗೀಬೇಡ, ಸುಮ್ನೆ ನಿಂತ್ಕೋ ಸಾಕು."

ಒಣಗಿದ ನಲ್ಲಿ ಬೇಕಿದ್ದವಳಿಗೆ ತುಂಬಿದ ಕೊಡಗಳೇ ಸಿಕ್ಕವು. ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಮೂವತ್ತೆಂಟು ದಿನ ಹೋದಳು. ಕೈ ಸುಮ್ಮನಿರಬೇಕಲ್ಲ, ದಿನವೂ ತೆಗೆದಳು ಕೂಡ.

ಮೂವತ್ತೊಂಬತ್ತನೆಯ ದಿನ ಅಜ್ಜಿಯೊಬ್ಬಳ ಮನೆಯ ಕಿಟಕಿಯ ಹಿಂದೆ ಅಡಗಿ ಕೂತಳು. ಅಂದು ಒಂದು ಹನಿಯೂ ಬರಲಿಲ್ಲ. ಖಾಲಿ ಕೊಡಗಳ ಸಾಲು, ಬಿಸಿಲು, ಜಗಳ, ಎಲ್ಲವೂ ಸಿಕ್ಕಿತು. ಇಪ್ಪತ್ತು ನಿಮಿಷದ ಚಿತ್ರ ಮಾಡಿ ಕಚೇರಿಗೆ ಒಯ್ದಳು.

ಅಧಿಕಾರಿ ಪೂರ್ತಿ ನೋಡಿದ. "ಚೆನ್ನಾಗಿದೆಯಮ್ಮ. ಆದ್ರೆ ಕತ್ತರಿಸಿ ಅಂಟಿಸಿದ್ದನ್ನ ನಂಬೋದು ಹೇಗೆ? ತೆಗೆದಿದ್ದೆಲ್ಲಾ ಕೊಡಿ, ಪರಿಶೀಲಿಸ್ತೀವಿ."

ಮುಚ್ಚಿಡುವುದೇನಿದೆ ಎಂದು ಆ ಪ್ರಾಮಾಣಿಕ ಪೆದ್ದಿ ಕ್ಯಾಮೆರಾ ಸಮೇತ ಕೊಟ್ಟುಬಂದಳು.

ವಾರದ ಮೇಲೆ ಕರೆಸಿ ಒಂದು ಹಾಳೆ ಕೈಗಿಟ್ಟರು. ಮೂವತ್ತೊಂಬತ್ತು ದಿನಗಳಲ್ಲಿ ಮೂವತ್ತೆಂಟು ದಿನ ನೀರು ಧಾರಾಳ, ದೂರಿನಲ್ಲಿ ಹುರುಳಿಲ್ಲ. ಇದಕ್ಕೆ ಆಧಾರ: ದೂರು ಕೊಟ್ಟವರೇ ತೆಗೆದ ವಿಡಿಯೊ.

"ಸಾರ್, ನಾನು ನಿಂತಿದ್ದಕ್ಕೇ ಅವರು ನೀರು ಬಿಟ್ಟಿದ್ದು!"

"ಅದು ವಿಡಿಯೊದಲ್ಲಿ ಕಾಣ್ತಿಲ್ವಲ್ಲಮ್ಮ." ಕ್ಯಾಮೆರಾ ಕೇಳಿದ್ದಕ್ಕೆ, "ಸಾಕ್ಷಿ ಅಲ್ವಾ, ಫೈಲ್ ಮುಚ್ಚೋವರೆಗೂ ಇಲ್ಲೇ ಇರುತ್ತೆ" ಅಂದ.

ಸಿಟ್ಟು, ನಾಚಿಕೆ, ಅಳು ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಯಾರ ಮೇಲೆ ತೀರಿಸಿಕೊಳ್ಳುವುದು? ಸುಮ್ಮನೆ ಬೀದಿಗೆ ನಡೆದಳು. ನಲ್ಲಿಯ ಮುಂದೆ ಖಾಲಿ ಕೊಡಗಳು ಕೂತಿದ್ದವು. ಅಜ್ಜಿ ಹಾಳೆಯಲ್ಲಿದ್ದದ್ದನ್ನು ಕೇಳಿಸಿಕೊಂಡು ಅವಳ ಬೆನ್ನು ಸವರಿದಳು.

"ಪೈಪು ಹಾಳಾಗಿ ಹೋಗ್ಲಿ ಬಿಡು ಮಗಳೇ. ವಾರ ಆಯ್ತು, ಮನೇಲಿ ಕೂಸಿನ ಬಟ್ಟೆ ಒಗೆಯೋಕೂ ನೀರಿಲ್ಲ. ನಾಳೆ ಒಂದಿಷ್ಟು ಹೊತ್ತು ಕ್ಯಾಮೆರಾ ತಂದು ನಿಲ್ಸು."

"ಅದೂ ಅವರ ಹತ್ರಾನೇ ಇದೆ ಅಜ್ಜಿ" ಅಂದಳು.